ರಟ್ಟಿನ ಮೇಲಿನ ಕಡಲು

1928ರ ಆಗಸ್ಟ್ ತಿಂಗಳ ಒಂದು ದಿನ. ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್ ಪ್ರಾಂತ್ಯದಲ್ಲಿ ಸೇಂಟ್ ಐವ್ಸ್ ಎಂಬ ಮೀನುಗಾರರ ಪಟ್ಟಣವಿದೆ. ಅಲ್ಲಿಗೆ ಬಂದಿದ್ದ ಇಬ್ಬರು ಚಿತ್ರಕಾರರು ಪೋರ್ತ್‌ಮಿಯರ್ ಕಡಲತೀರದಿಂದ ಊರೊಳಕ್ಕೆ ನಡೆದು ಬರುತ್ತಿದ್ದರು. ಒಬ್ಬ ಬೆನ್ ನಿಕಲ್ಸನ್; ಹೆಸರಾಂತ ಚಿತ್ರಕಾರ ವಿಲಿಯಂ ನಿಕಲ್ಸನ್‌ನ ಮಗ. ಇನ್ನೊಬ್ಬ ಕ್ರಿಸ್ಟೋಫರ್ ವುಡ್. ಪ್ಯಾರಿಸ್ಸಿನಲ್ಲಿ ಬಹುಕಾಲ ಕಳೆದು, ಪಿಕಾಸೋನ ಪರಿಚಯವನ್ನೂ ಸಂಪಾದಿಸಿದ್ದವನು. ಬ್ಯಾಕ್ ರೋಡ್ ವೆಸ್ಟ್ ಎಂಬ ಇಕ್ಕಟ್ಟಿನ ಬೀದಿಯಲ್ಲಿ ಒಂದು ಮನೆಯ ಬಾಗಿಲು ತೆರೆದಿತ್ತು. ಇಬ್ಬರೂ ಇಣುಕಿ ನೋಡಿದರು. ಗೋಡೆಯ ತುಂಬ ಹಡಗುಗಳು, ದೋಣಿಗಳು, ಮನೆಗಳು. ಎಲ್ಲವೂ ಅಂಕುಡೊಂಕಾದ ರಟ್ಟಿನ ಚೂರುಗಳ ಮೇಲೆ ಬರೆದವು, ಒಂದಕ್ಕೂ ಚೌಕಟ್ಟಿಲ್ಲ. ದೊಡ್ಡ ದೊಡ್ಡ ಮೊಳೆಗಳನ್ನು ಚಿತ್ರದ ಮೂಲಕವೇ ಗೋಡೆಗೆ ಹೊಡೆದಿತ್ತು. ಒಳಗಿದ್ದ ಮುದುಕನಿಗೆ ಆಗ ಎಪ್ಪತ್ತಮೂರು ವರ್ಷ. ಹೆಸರು ಆಲ್ಫ್ರೆಡ್ ವಾಲಿಸ್.

ಕಲೆಯ ಇತಿಹಾಸ ಬರೆದವರು ಈ ಪ್ರಸಂಗವನ್ನು ವಾಲಿಸ್‌ನ ‘ಶೋಧ’ ಎಂದು ಕರೆಯುತ್ತಾರೆ. ಕೊಲಂಬಸ್ ಅಮೆರಿಕವನ್ನು ಶೋಧಿಸಿದ ಎನ್ನುವ ಹಾಗೆ. ಅಲ್ಲಿದ್ದವರಿಗೆ ತಾವು ಅಲ್ಲಿರುವುದು ಮೊದಲೇ ಗೊತ್ತಿತ್ತು ಎನ್ನುವುದು ಇಂತಹ ಕತೆಗಳಲ್ಲಿ ಮರೆತುಹೋಗುತ್ತದೆ. ಆ ಬಾಗಿಲು ತೆರೆಯುವುದಕ್ಕೆ ಮುಂಚೆ ವಾಲಿಸ್‌ಗೆ ಎಪ್ಪತ್ತು ವರ್ಷಕ್ಕೂ ಮಿಕ್ಕಿದ ಬದುಕಿತ್ತು. ಅವನ ಚಿತ್ರಗಳಲ್ಲಿ ಇರುವುದೆಲ್ಲ ಆ ಬದುಕಿನಿಂದಲೇ ಬಂದದ್ದು.

ಅವನು ಹುಟ್ಟಿದ್ದು 1855ರ ಆಗಸ್ಟಿನಲ್ಲಿ, ನೌಕಾನೆಲೆಯ ಊರಾದ ಡೆವನ್‌ಪೋರ್ಟ್‌ನಲ್ಲಿ. ತಂದೆ ತಾಯಿ ಕಾರ್ನ್‌ವಾಲಿನ ಪೆನ್‌ಜಾನ್ಸ್‌ನವರು. ಕೆಲಸ ಹುಡುಕಿಕೊಂಡು ಡೆವನ್‌ಪೋರ್ಟಿಗೆ ಹೋಗಿದ್ದರು. ತಾಯಿ ತೀರಿಕೊಂಡ ಮೇಲೆ ಸಂಸಾರ ಪೆನ್‌ಜಾನ್ಸ್‌ಗೆ ಮರಳಿತು. ಹುಡುಗನನ್ನು ಬುಟ್ಟಿ ಹೆಣೆಯುವವನೊಬ್ಬನ ಬಳಿ ಕೆಲಸ ಕಲಿಯಲು ಬಿಟ್ಟರು. ಬುಟ್ಟಿ ಅವನನ್ನು ಹಿಡಿದಿಡಲಿಲ್ಲ. 1870ರ ದಶಕದ ಆರಂಭಕ್ಕೆ ಅವನು ಸರಕು ಸಾಗಿಸುವ ಹಡಗುಗಳಲ್ಲಿ ನಾವಿಕನಾಗಿದ್ದ. ಪೆನ್‌ಜಾನ್ಸ್‌ನಿಂದ ಅಟ್ಲಾಂಟಿಕ್ ದಾಟಿ ನ್ಯೂಫೌಂಡ್‌ಲ್ಯಾಂಡಿಗೆ ಹೋಗುವ ಸ್ಕೂನರುಗಳವು. ಎರಡು ಅಥವಾ ಮೂರು ಹಾಯಿಕಂಬದ, ಬೆರಳೆಣಿಕೆಯ ಆಳುಗಳಿರುವ ಮರದ ಹಡಗುಗಳು, ಉಗಿಯಂತ್ರವಿಲ್ಲ, ನಿಸ್ತಂತುವಿಲ್ಲ. ಉತ್ತರದಿಂದ ತೇಲಿಬರುವ ಹಿಮಗಡ್ಡೆಗಳ ನಡುವೆ ಗಾಳಿಯನ್ನು ನಂಬಿ ಸಾಗಬೇಕು. ಅರವತ್ತು ವರ್ಷಗಳ ನಂತರ ವಾಲಿಸ್ ಬರೆದ ‘ಲ್ಯಾಬ್ರಡಾರ್ ಯಾನ’ ಎಂಬ ಚಿತ್ರದಲ್ಲಿ ಆ ಕಪ್ಪು ನೀರೂ ಬಿಳಿ ಮಂಜುಗಡ್ಡೆಯೂ ಹಾಗೆಯೇ ಇವೆ.

1876ರಲ್ಲಿ ಮದುವೆಯಾಯಿತು. ವರನಿಗೆ ಇಪ್ಪತ್ತು, ವಧುವಿಗೆ ನಲವತ್ತೊಂದು. ಸೂಸನ್ ವಾರ್ಡ್ ಮಕ್ಕಳಿದ್ದ ವಿಧವೆ. ವಾಲಿಸ್ ಒಂದೇ ದಿನದಲ್ಲಿ ಗಂಡನೂ ಐದು ಮಕ್ಕಳ ಮಲತಂದೆಯೂ ಆದ. ಅವರಿಗೆ ಹುಟ್ಟಿದ ಎರಡು ಮಕ್ಕಳು ಎಳೆಯದರಲ್ಲೇ ತೀರಿಕೊಂಡವು. ಆಮೇಲೆ ಅವನು ದೂರದ ಯಾನ ಬಿಟ್ಟು, ದಡದ ಹತ್ತಿರದ ಮೀನುಗಾರಿಕೆಗೂ ಕೂಲಿ ಕೆಲಸಕ್ಕೂ ಇಳಿದ. ಸಂಬಳ ಕಡಿಮೆ, ಆದರೆ ಸಂಜೆಗೆ ಮನೆ ಸೇರಬಹುದಿತ್ತು.

1890ರಲ್ಲಿ ಸಂಸಾರ ಸೇಂಟ್ ಐವ್ಸ್‌ಗೆ ಬಂತು. ಅಲ್ಲಿ ವಾಲಿಸ್ ಹಿಡಿದದ್ದು ಗುಜರಿ ವ್ಯಾಪಾರ. ದೋಣಿಗಳವರಿಂದ ಹಳೆಯ ಕಬ್ಬಿಣ, ಹರಿದ ಹಾಯಿ, ಸವೆದ ಹಗ್ಗ, ಬಲೆಯ ತುಂಡು, ಸರಪಳಿ ಕೊಳ್ಳುವುದು, ಮಾರುವುದು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅವನ ಕೈಯಲ್ಲಿ ಹಾದುಹೋದದ್ದು ಹಡಗಿನ ಅಂಗಾಂಗಗಳೇ. ಕಟುಕನಿಗೆ ಕುರಿಯ ಮೂಳೆ ಎಲ್ಲೆಲ್ಲಿದೆ ಎಂದು ಗೊತ್ತಿರುವ ಹಾಗೆ ಅವನಿಗೆ ದೋಣಿಯ ಯಾವ ಹಗ್ಗ ಎಲ್ಲಿಂದ ಎಲ್ಲಿಗೆ ಎಂಬುದು ಗೊತ್ತಿತ್ತು.

ಆ ವ್ಯಾಪಾರ ನಡೆದದ್ದು ಮೀನು ಸಿಗುವವರೆಗೆ. ಕಾರ್ನ್‌ವಾಲಿನ ಜೀವಾಳವಾಗಿದ್ದದ್ದು ಪಿಲ್ಚರ್ಡ್ ಮೀನು. ಕರ್ನಾಟಕದ ಕರಾವಳಿಯ ಬೂತಾಯಿಯ ಬಳಗಕ್ಕೆ ಸೇರಿದ್ದು. ಇಪ್ಪತ್ತನೆಯ ಶತಮಾನ ಕಾಲಿಡುವ ಹೊತ್ತಿಗೆ ಅದರ ಹಿಂಡುಗಳು ಹಿಂದಿನಂತೆ ಬರುವುದು ನಿಂತಿತ್ತು. ಹಾಯಿದೋಣಿಗಳ ಜಾಗಕ್ಕೆ ಯಂತ್ರದ ದೋಣಿಗಳು ಬಂದವು. ಊರಿನ ದೋಣಿಗಳು ಕಡಿಮೆಯಾದಂತೆ ಗುಜರಿಯೂ ಕಡಿಮೆಯಾಯಿತು. 1912ರಲ್ಲಿ ವಾಲಿಸ್ ಅಂಗಡಿ ಮುಚ್ಚಿದ. ಅಲ್ಲಿಂದ ಮುಂದೆ ಸಿಕ್ಕ ಸಿಕ್ಕ ಕೆಲಸ. ಕೆಲಕಾಲ ಹಳೆಯ ವಸ್ತುಗಳ ವ್ಯಾಪಾರಿಯೊಬ್ಬನಿಗೆ ಪೀಠೋಪಕರಣ ಸಾಗಿಸುವ ಆಳಾಗಿಯೂ ದುಡಿದ. 1922ರಲ್ಲಿ ಸೂಸನ್ ತೀರಿಕೊಂಡಳು.

ಒಂಟಿ ಮನೆ, ಎಪ್ಪತ್ತರ ಹತ್ತಿರದ ವಯಸ್ಸು, ಮಾಡಲು ಕೆಲಸವಿಲ್ಲ. ವಾಲಿಸ್ ಚಿತ್ರ ಬರೆಯಲು ತೊಡಗಿದ್ದು ಆಗ. ಏಕೆ ಎಂದು ಮುಂದೆ ಕೇಳಿದಾಗ ಅವನು ಕೊಟ್ಟ ಉತ್ತರ ಬಹಳ ಸರಳವಾದದ್ದು: ಜೊತೆಗಿರಲಿ ಎಂದು.

ಇಲ್ಲಿ ಆ ಊರಿನ ವಿಚಾರ ಸ್ವಲ್ಪ ಹೇಳಬೇಕು. ಸೇಂಟ್ ಐವ್ಸ್‌ಗೆ ರೈಲು ಬಂದದ್ದು 1877ರಲ್ಲಿ. ರೈಲಿನ ಹಿಂದೆಯೇ ಚಿತ್ರಕಾರರು ಬಂದರು. ಮೂರು ಕಡೆ ನೀರು ಸುತ್ತಿದ ಊರು, ಕಣ್ಣು ಕೋರೈಸುವ ಬೆಳಕು, ಅಗ್ಗದ ಬಾಡಿಗೆ. ಮೀನುಗಾರಿಕೆ ಸೊರಗಿ ಖಾಲಿಯಾದ ಹಾಯಿ ಹೊಲಿಯುವ ಅಟ್ಟಗಳು ಒಂದೊಂದಾಗಿ ಚಿತ್ರಶಾಲೆಗಳಾದವು. 1890ರಲ್ಲಿ, ಅಂದರೆ ವಾಲಿಸ್ ಆ ಊರಿಗೆ ಬಂದ ವರ್ಷವೇ, ಅಲ್ಲಿ ಕಲಾವಿದರ ಸಂಘವೊಂದು ಹುಟ್ಟಿತು. ಕೆಳಗಡೆ ಬಲೆ ಹೆಣೆಯುವ ಬೆಸ್ತರು, ಮೇಲಿನ ಅಟ್ಟದಲ್ಲಿ ಕುಂಚ ಹಿಡಿದವರು. ಗಡ್ಡದ ಮುದುಕ, ಬಲೆ ಸರಿಪಡಿಸುವ ಹೆಂಗಸು, ಸಂಜೆಯ ಬಂದರು – ಇವೆಲ್ಲ ಲಂಡನ್ನಿನ ಪ್ರದರ್ಶನಗಳಲ್ಲಿ ಚೆನ್ನಾಗಿ ಮಾರಾಟವಾಗುತ್ತಿದ್ದ ವಸ್ತುಗಳು. ಮೀನುಗಾರ ಚಿತ್ರದ ವಿಷಯವಾಗಿದ್ದ. ಅವನೇ ಚಿತ್ರ ಬರೆದಾನು ಎನ್ನುವ ಯೋಚನೆ ಆ ಅಟ್ಟಗಳಲ್ಲಿ ಯಾರಿಗೂ ಬಂದಂತಿಲ್ಲ. ಊರಿನವರಿಗಂತೂ ವಾಲಿಸ್‌ನ ಚಿತ್ರಗಳು ತಲೆಕೆಟ್ಟ ಮುದುಕನ ಚಾಳಿಯಾಗಿ ಕಂಡವು.

ಅವನ ಸಾಮಗ್ರಿಯನ್ನು ನೋಡಿ. ಕ್ಯಾನ್‌ವಾಸ್ ಇಲ್ಲ, ಕಿರಾಣಿ ಅಂಗಡಿಯವರು ಕೊಟ್ಟ ರಟ್ಟಿನ ಪೆಟ್ಟಿಗೆಗಳನ್ನು ಬಿಚ್ಚಿ ಹರಿದುಕೊಳ್ಳುತ್ತಿದ್ದ. ಎಷ್ಟೋ ಚಿತ್ರಗಳ ಬೆನ್ನಿನಲ್ಲಿ ಇಂದಿಗೂ ಜಾಹೀರಾತಿನ ಅಕ್ಷರಗಳಿವೆ. ಬಣ್ಣ, ದೋಣಿಗೆ ಬಳಿಯುವ ಬಣ್ಣ; ಹಡಗಿನ ಸಾಮಾನು ಮಾರುವ ಅಂಗಡಿಯಿಂದ ತಂದದ್ದು. ಕಪ್ಪು, ಬಿಳಿ, ಕಂದು, ಬೂದು, ಒಂದು ಹಸಿರು, ಸ್ವಲ್ಪ ನೀಲಿ – ಹೆಚ್ಚುಕಡಿಮೆ ಇಷ್ಟೇ. ಮೇಜಿನ ಮೇಲ್ಮೈ, ಜಾಡಿ, ಒಲೆ ಊದುವ ತಿದಿ, ಹೀಗೆ ಕೈಗೆ ಸಿಕ್ಕ ಸಾಮಾನಿನ ಮೇಲೆಲ್ಲ ಬರೆದ. ಭಾನುವಾರ ಮಾತ್ರ ಕುಂಚ ಮುಟ್ಟುತ್ತಿರಲಿಲ್ಲ. ಅಂದು ಬೈಬಲ್ ಓದುವುದಷ್ಟೇ.

ರಟ್ಟಿನ ಆಕಾರಕ್ಕೆ ಚಿತ್ರವನ್ನು ಹೊಂದಿಸುತ್ತಿದ್ದ ಅವನ ರೀತಿ ವಿಶೇಷವಾದದ್ದು. ಮೂಲೆ ಹರಿದ ಚೂರಾದರೆ ಆ ಓರೆಯೇ ಹಡಗು ಏರುವ ಅಲೆಯಾಗುತ್ತದೆ. ಉದ್ದಕ್ಕೆ ಸೀಳಿದ್ದಾದರೆ ದೋಣಿಗಳು ಸಾಲಾಗಿ ಬರುತ್ತವೆ. ಎಲ್ಲವನ್ನೂ ಬಣ್ಣದಿಂದ ಮುಚ್ಚುವುದಿಲ್ಲ. ರಟ್ಟಿನ ಕಂದು ಬಣ್ಣವನ್ನು ಅಲ್ಲಲ್ಲಿ ಹಾಗೆಯೇ ಬಿಟ್ಟು ಅದನ್ನೇ ಮರಳಾಗಿ, ದೋಣಿಯ ಮೈಯಾಗಿ, ಮೋಡವಾಗಿ ಬಳಸಿಕೊಳ್ಳುತ್ತಾನೆ. ಅವನ ಸಮುದ್ರ ನೀಲಿಯಲ್ಲ. ನೀಲಿ ಸಮುದ್ರ ದಡದಲ್ಲಿ ಕುಳಿತು ನೋಡುವವರದ್ದು. ವಾಲಿಸ್‌ನದು ಬೂದು, ಬಿಳಿ, ಕಪ್ಪು ಹಸಿರು. ಕುಂಚದ ಒರಟು ಎಳೆತಗಳಲ್ಲಿ ನೀರಿನ ಭಾರ ತಿಳಿಯುತ್ತದೆ.

ಮೊದಲ ನೋಟಕ್ಕೆ ಇವು ಮಕ್ಕಳ ಚಿತ್ರಗಳಂತೆ ತೋರುವುದು ನಿಜ. ದೂರದ್ದು ಚಿಕ್ಕದು, ಹತ್ತಿರದ್ದು ದೊಡ್ಡದು ಎಂಬ ನಿಯಮವಿಲ್ಲ. ಬಂದರಿನ ಕಟ್ಟೆಯನ್ನು ಆಕಾಶದಿಂದ ನೋಡಿದಂತೆ ಬರೆದು, ಅದರೊಳಗಿನ ದೋಣಿಗಳನ್ನು ಪಕ್ಕದಿಂದ ನೋಡಿದಂತೆ ಬರೆಯುತ್ತಾನೆ. ಕೊಲ್ಲಿಯ ಆಚೆ ಬಂಡೆಯ ಮೇಲಿರುವ ಗಾಡ್‌ರೆವಿ ದೀಪಸ್ತಂಭ ಕೆಲವೊಮ್ಮೆ ಇಡೀ ಊರಿಗಿಂತ ಎತ್ತರವಾಗಿ ನಿಲ್ಲುತ್ತದೆ. ಇದನ್ನು ಅರಿಯದ ಕೈ ಎನ್ನಬೇಕೆ? ಕತ್ತಲಲ್ಲಿ ಬಂದರಿಗೆ ಮರಳುವ ನಾವಿಕನನ್ನು ನೆನೆದುಕೊಂಡರೆ ಉತ್ತರ ಸಿಗುತ್ತದೆ. ಅವನಿಗೆ ದೀಪಸ್ತಂಭಕ್ಕಿಂತ ದೊಡ್ಡದು ಬೇರೇನಿದೆ? ಕಟ್ಟೆಯ ಬಾಯಿ ಎಲ್ಲಿದೆ, ಬಂಡೆ ಎಲ್ಲಿದೆ, ಗಾಳಿ ಯಾವ ಕಡೆಯದು ಎನ್ನುವುದು ಅವನ ಜೀವದ ಪ್ರಶ್ನೆ. ಊರಿನ ಮನೆಗಳು ಎಷ್ಟಿದ್ದರೆ ಏನು, ಕೆಲವು ಬಿಳಿ ಚೌಕಗಳಾದರೆ ಸಾಕು. ಆದರೆ ದೋಣಿಯ ವಿಷಯ ಬಂದಾಗ ವಾಲಿಸ್ ಹೀಗೆ ಉದಾಸೀನ ತೋರುವುದಿಲ್ಲ. ಯಾವ ಬಗೆಯ ಹಡಗಿಗೆ ಎಷ್ಟು ಕಂಬ, ಯಾವ ಹಾಯಿ ಬಿಚ್ಚಿದೆ, ಯಾವುದನ್ನು ಮಡಿಸಿದೆ ಎಂಬುದನ್ನು ಬಲ್ಲವನಾಗಿ ಬರೆಯುತ್ತಾನೆ. ಅವನ ಚಿತ್ರದ ನಿಯಮ ಕಣ್ಣಿನದಲ್ಲ, ಕೆಲಸದ್ದು.

ಅವನು ಬರೆದದ್ದು ಬಹುಪಾಲು ನೆನಪಿನಿಂದ. ಹಿಂದೆ ಇದ್ದದ್ದನ್ನು, ಇನ್ನು ಕಾಣಲು ಸಿಗದೆಹೋಗಬಹುದಾದದ್ದನ್ನು ಬರೆಯುತ್ತೇನೆ ಎಂಬ ಅರ್ಥದ ಮಾತು, ತನ್ನದೇ ಕಾಗುಣಿತದಲ್ಲಿ, ಅವನ ಪತ್ರವೊಂದರಲ್ಲಿದೆ. ಹಾಯಿಯ ಕಾಲ ಮುಗಿದುಹೋಗಿತ್ತು. ಅದನ್ನು ಒಳಗಿನಿಂದ ಬಲ್ಲವರು ಸಾಯುತ್ತಿದ್ದರು. ಹಾಗೆಂದು ಕಣ್ಣೆದುರಿನದನ್ನು ಅವನು ಬಿಟ್ಟವನಲ್ಲ. 1938ರ ಜನವರಿಯ ಕೊನೆಯಲ್ಲಿ ಆಲ್ಬಾ ಎಂಬ ಉಗಿಹಡಗು ಬಿರುಗಾಳಿಗೆ ಸಿಕ್ಕಿ ಪೋರ್ತ್‌ಮಿಯರ್ ತೀರದ ಬಳಿ ಬಂಡೆಗೆ ಬಡಿಯಿತು. ರಕ್ಷಣೆಗೆ ಹೋದ ಊರಿನ ಜೀವರಕ್ಷಕ ದೋಣಿಯೂ ಮಗುಚಿ ಒಡೆಯಿತು. ವಾಲಿಸ್‌ನ ಮನೆಯಿಂದ ಕೆಲವೇ ಹೆಜ್ಜೆಗಳ ಆಚೆ ನಡೆದ ಘಟನೆ. ಅದನ್ನು ಅವನು ಚಿತ್ರಿಸಿದ. ಹಡಗಿನ ಕಪ್ಪು ಮೈಯನ್ನು ನೀರು ಮೇಲೆ ಕೆಳಗೆ ಎಲ್ಲ ಕಡೆಯಿಂದ ಒತ್ತಿ ಹಿಡಿದಿರುವ ಆ ಚಿತ್ರವನ್ನು ಕಂಡವರು ವಾಲಿಸ್ ಮುಗ್ಧ ಎನ್ನುವ ಮಾತನ್ನು ಸುಲಭವಾಗಿ ಆಡಲಾರರು.

ಆದರೆ ಆ ಮಾತೇ ಅವನಿಗೆ ಅಂಟಿಕೊಂಡಿತು. ಯುರೋಪಿನ ಹೊಸ ಕಲೆ ಆಗ ತನ್ನ ಕಲಿಕೆಯನ್ನೇ ಕಳಚಿಕೊಳ್ಳಲು ಹೆಣಗುತ್ತಿತ್ತು. ಪ್ಯಾರಿಸ್ಸಿನಲ್ಲಿ ಸುಂಕದ ಕಟ್ಟೆಯ ನೌಕರನಾಗಿದ್ದ ಆನ್ರಿ ರೂಸೋನ ಚಿತ್ರಗಳನ್ನು ಪಿಕಾಸೋ ಮತ್ತು ಗೆಳೆಯರು ಕೊಂಡಾಡಿದ್ದರು. 1908ರಲ್ಲಿ ಅವನಿಗಾಗಿ ಒಂದು ಔತಣವನ್ನೂ ಏರ್ಪಡಿಸಿದ್ದರು – ಗೌರವ ಎಷ್ಟು, ಗೇಲಿ ಎಷ್ಟು ಎಂದು ಇಂದಿಗೂ ವಾದವಿದೆ. ಶಾಲೆ ಕೆಡಿಸದ ಕಣ್ಣು ಬೇಕಾಗಿತ್ತು. ನಿಕಲ್ಸನ್ ಮತ್ತು ವುಡ್ ಹುಡುಕುತ್ತಿದ್ದದ್ದೂ ಅದನ್ನೇ. ವಾಲಿಸ್‌ನನ್ನು ನೋಡುವ ಮೊದಲೇ ಅವರಿಬ್ಬರೂ ನಯವನ್ನು ಬಿಟ್ಟು ಸರಳವಾಗಿ ಬರೆಯಲು ಪ್ರಯತ್ನಿಸುತ್ತಿದ್ದರು ಎನ್ನುವುದನ್ನು ಮರೆಯಬಾರದು. ಅವನು ಅವರಿಗೆ ದಾರಿ ತೋರಿಸಿದ ಎನ್ನುವುದಕ್ಕಿಂತ, ಹಿಡಿದ ದಾರಿ ಸರಿ ಎಂದು ಧೈರ್ಯ ಕೊಟ್ಟ ಎನ್ನುವುದು ಹೆಚ್ಚು ಸರಿ. ನಿಕಲ್ಸನ್ ಅವನಿಂದ ಕಲಿತ ದೊಡ್ಡ ಪಾಠ, ಚಿತ್ರವೆಂದರೆ ಕಿಟಕಿಯಲ್ಲ, ಕೈಯಲ್ಲಿ ಹಿಡಿಯಬಹುದಾದ ಒಂದು ವಸ್ತು ಎಂಬುದು. ಅವನ ಮುಂದಿನ ವರ್ಷಗಳ ಕೆತ್ತಿದ ಬಿಳಿ ಹಲಗೆಗಳಲ್ಲಿ ಈ ಪಾಠ ಕಾಣುತ್ತದೆ. ವುಡ್ ಆ ಶರತ್ಕಾಲದಲ್ಲಿ ಕೆಲವು ವಾರ ಸೇಂಟ್ ಐವ್ಸ್‌ನಲ್ಲೇ ಉಳಿದು ವಾಲಿಸ್‌ನನ್ನು ಆಗಾಗ ಕಂಡ. ಎರಡೇ ವರ್ಷದಲ್ಲಿ, ಇಪ್ಪತ್ತೊಂಬತ್ತರ ಹರೆಯದಲ್ಲಿ, ರೈಲಿಗೆ ಸಿಕ್ಕಿ ಸತ್ತ.

ಪ್ರಭಾವವೆಲ್ಲ ಒಂದೇ ದಿಕ್ಕಿನದು. ವಾಲಿಸ್ ಅವರಿಂದ ಏನನ್ನೂ ತೆಗೆದುಕೊಳ್ಳಲಿಲ್ಲ. ನಿಕಲ್ಸನ್ ಮುಂದೆ ಹೇಳಿದಂತೆ, ಆ ಮುದುಕನ ಪಾಲಿಗೆ ಅವು ಚಿತ್ರಗಳೇ ಆಗಿರಲಿಲ್ಲ, ನಡೆದ ಘಟನೆಗಳಾಗಿದ್ದವು. ಒಳ್ಳೆಯ ಮಾತೇ. ಆದರೆ ಹಾಗೆ ಹೇಳುವಾಗ ಇನ್ನೊಂದು ಕೆಲಸವೂ ಆಗಿಬಿಡುತ್ತದೆ: ಹುತ್ತ ಕಟ್ಟುವ ಗೆದ್ದಲಿನಂತೆ, ತಾನೇನು ಮಾಡುತ್ತಿದ್ದೇನೆಂದು ತಿಳಿಯದೆ ಮಾಡಿದವನು ಎಂಬ ಚಿತ್ರ ಮೂಡುತ್ತದೆ. ರಟ್ಟನ್ನು ಎಲ್ಲಿ ಬಿಡಬೇಕು, ಎಲ್ಲಿ ಮುಚ್ಚಬೇಕು ಎಂದು ನೂರಾರು ಸಲ ನಿರ್ಧರಿಸಿದವನಿಗೆ ಇದು ನ್ಯಾಯವಲ್ಲ.

ವಾಲಿಸ್‌ನ ಚಿತ್ರಗಳನ್ನು ಅತಿ ಹೆಚ್ಚಾಗಿ ಕೊಂಡವನು ಜಿಮ್ ಈಡ್. ಲಂಡನ್ನಿನ ಟೇಟ್ ಗ್ಯಾಲರಿಯಲ್ಲಿ ಸಹಾಯಕನಾಗಿದ್ದವನು. ವ್ಯವಹಾರ ಅಂಚೆಯ ಮೂಲಕ. ವಾಲಿಸ್ ಹತ್ತಾರು ಚಿತ್ರಗಳನ್ನು ಕಂದು ಕಾಗದದಲ್ಲಿ ಸುತ್ತಿ, ದಾರದಿಂದ ಕಟ್ಟಿ ಲಂಡನ್ನಿಗೆ ಕಳಿಸುವುದು. ಈಡ್ ಬೇಕಾದವನ್ನು ಇಟ್ಟುಕೊಂಡು ಹಣ ಕಳಿಸುವುದು. ಬೆಲೆ ಗಾತ್ರವನ್ನು ನೋಡಿ, ಒಂದು ಶಿಲ್ಲಿಂಗ್‌ನಿಂದ ಮೂರು ಶಿಲ್ಲಿಂಗ್. ಪೌಂಡಿಗೆ 20 ಶಿಲ್ಲಿಂಗ್ ಇದ್ದ ಕಾಲ. ಇದನ್ನು ಶೋಷಣೆ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸುಲಭ. ಆದರೆ ಆಗ ಸರ್ಕಾರದ ವೃದ್ಧಾಪ್ಯವೇತನ ವಾರಕ್ಕೆ 10 ಶಿಲ್ಲಿಂಗ್ ಇತ್ತು. ಹತ್ತು ಚಿತ್ರ ಹೋದರೆ ಒಂದೆರಡು ವಾರದ ಬದುಕು. ಈಡ್ ಸ್ವತಃ ಹಣವಂತನಲ್ಲ, ಬೇರೆ ಗಿರಾಕಿಗಳೂ ಹೆಚ್ಚಿರಲಿಲ್ಲ, ಬೆಲೆ ಏರಿದರೆ ಮಾರಿ ಲಾಭ ಮಾಡೋಣವೆಂದು ಅವನು ಕೊಂಡದ್ದೂ ಅಲ್ಲ. ಇಷ್ಟೆಲ್ಲ ಹೇಳಿದ ಮೇಲೂ ಒಂದು ಮುಳ್ಳು ಉಳಿಯುತ್ತದೆ. ಆ ಗೆಳೆಯರ ಬಳಗದಲ್ಲಿ ಒಬ್ಬರ ಚಿತ್ರವನ್ನು ಒಬ್ಬರು ನೋಡುತ್ತಿದ್ದರು, ಚರ್ಚಿಸುತ್ತಿದ್ದರು, ಒಟ್ಟಿಗೆ ಪ್ರದರ್ಶನ ನಡೆಸುತ್ತಿದ್ದರು. ಗಾತ್ರಕ್ಕೆ ತಕ್ಕ ಬೆಲೆ ಎಂಬ ಲೆಕ್ಕ ಗುಜರಿ ವ್ಯಾಪಾರಿಗೆ ಸಹಜವಾಗಿ ತೋರಿದ್ದಿರಬಹುದು. ನಿಕಲ್ಸನ್‌ನ ಚಿತ್ರಗಳನ್ನು ಯಾರೂ ಹಾಗೆ ಅಳೆದು ಕೊಳ್ಳಲಿಲ್ಲ.

1939ರಲ್ಲಿ ಯುದ್ಧ ಬಂದಾಗ ನಿಕಲ್ಸನ್ ಮತ್ತು ಅವನ ಆಗಿನ ಹೆಂಡತಿ, ಶಿಲ್ಪಿ ಬಾರ್ಬರಾ ಹೆಪ್‌ವರ್ತ್, ಸೇಂಟ್ ಐವ್ಸ್ ಪಕ್ಕದ ಕಾರ್ಬಿಸ್ ಬೇ ಎಂಬಲ್ಲಿಗೆ ಬಂದು ನೆಲೆಸಿದರು. ಅವರಿಗೆ ಆಶ್ರಯ ಕೊಟ್ಟವನು ಕಲಾಲೇಖಕ ಏಡ್ರಿಯನ್ ಸ್ಟೋಕ್ಸ್. ರಷ್ಯದ ಶಿಲ್ಪಿ ನಾಮ್ ಗಾಬೋ ಕೂಡ ಬಂದ. ಬ್ರಿಟನ್ನಿನ ಅತ್ಯಾಧುನಿಕ ಕಲೆಯ ಒಂದು ದೊಡ್ಡ ಭಾಗ ಹೀಗೆ ವಾಲಿಸ್‌ನ ಮನೆಯಿಂದ ಕೆಲವೇ ಮೈಲಿ ದೂರದಲ್ಲಿತ್ತು. ಆ ಹೊತ್ತಿಗೆ ಅವನ ಸ್ಥಿತಿ ಕೆಟ್ಟಿತ್ತು. ಕಿವಿ ಮಂದ, ಕಣ್ಣು ಮಂದ. ಮನೆಯ ಮೇಲಂತಸ್ತಿನಲ್ಲಿ ದೆವ್ವಗಳಿವೆ, ಅವು ತನ್ನನ್ನು ಬೈಯುತ್ತವೆ ಎಂದು ನಂಬಿ ಕೆಳಗಿನ ಕೋಣೆಯಲ್ಲೇ ಇರುತ್ತಿದ್ದ. ಹೆಂಡತಿಯ ಮಕ್ಕಳ ಜೊತೆ ಸಂಬಂಧ ಹಳಸಿತ್ತು. ತನ್ನ ಕೆಲಸ ತಾನು ಮಾಡಿಕೊಳ್ಳಲಾರದಾದಾಗ, 1941ರಲ್ಲಿ, ಅವನನ್ನು ಪೆನ್‌ಜಾನ್ಸ್ ಬಳಿಯ ಮ್ಯಾಡ್ರನ್ ವರ್ಕ್‌ಹೌಸಿಗೆ ಸಾಗಿಸಿದರು.

ವರ್ಕ್‌ಹೌಸ್ ಎಂಬ ಪದ ಇಂಗ್ಲೆಂಡಿನ ಬಡವರಲ್ಲಿ ಹುಟ್ಟಿಸುತ್ತಿದ್ದ ಭಯವನ್ನು ಇಂದು ಊಹಿಸುವುದು ಕಷ್ಟ. 1834ರ ಬಡವರ ಕಾಯಿದೆ ದಿಕ್ಕಿಲ್ಲದವರಿಗೆ ಅನ್ನ ಕೊಡುವ ವ್ಯವಸ್ಥೆಯನ್ನು ಬೇಕೆಂದೇ ಕಠಿಣ ಮಾಡಿತ್ತು; ಹೊರಗಿನ ಅತಿ ಬಡ ಕೂಲಿಯ ಬದುಕಿಗಿಂತ ಒಳಗಿನ ಬದುಕು ಕೀಳಾಗಿರಬೇಕು, ಆಗಲೇ ಯಾರೂ ಸುಮ್ಮನೆ ಬರುವುದಿಲ್ಲ ಎಂಬ ತರ್ಕ. 1930ರಲ್ಲಿ ಈ ವ್ಯವಸ್ಥೆ ಸ್ಥಳೀಯ ಆಡಳಿತಗಳ ಕೈಗೆ ಹೋಯಿತು, ಹೆಸರೂ ಬದಲಾಯಿತು. ಕಟ್ಟಡಗಳು ಅವೇ, ಜನರ ಬಾಯಲ್ಲಿ ಹೆಸರೂ ಅದೇ. ಅಲ್ಲಿ ಸತ್ತರೆ ಸಿಗುತ್ತಿದ್ದದ್ದು ಬಡವರ ಸಾಮೂಹಿಕ ಹೊಂಡ. ವಾಲಿಸ್ ಜೀವಮಾನವೆಲ್ಲ ಹೆದರಿದ್ದು ಅದಕ್ಕೇ. ತನ್ನ ಮಣ್ಣಿಗೆಂದು ಸ್ವಲ್ಪ ಹಣವನ್ನೂ ಎತ್ತಿಟ್ಟಿದ್ದ.

ಮ್ಯಾಡ್ರನ್‌ಗೆ ಗೆಳೆಯರು ಬಂದು ನೋಡಿದರು, ಬಣ್ಣ ತಂದುಕೊಟ್ಟರು, ಚಿತ್ರದ ಪುಸ್ತಕಗಳನ್ನು ಕೊಟ್ಟರು. ಅವನು ಬರೆಯುತ್ತಲೇ ಇದ್ದ. ಆ ಪುಸ್ತಕಗಳಲ್ಲಿ ಮೂರು ಉಳಿದುಕೊಂಡಿವೆ. ಗೆರೆ ಅಲುಗುತ್ತದೆ, ಹಡಗುಗಳು ಮಾತ್ರ ತೇಲುತ್ತಲೇ ಇವೆ. 1942ರ ಆಗಸ್ಟ್ 29ರಂದು, ಎಂಬತ್ತೇಳನೆಯ ವಯಸ್ಸಿನಲ್ಲಿ, ವರ್ಕ್‌ಹೌಸಿನಲ್ಲೇ ಸತ್ತ. ಬಡವರ ಹೊಂಡಕ್ಕೆ ಹೋಗಬೇಕಾಗಿದ್ದ ಶವವನ್ನು ತಪ್ಪಿಸಿದವನು ಏಡ್ರಿಯನ್ ಸ್ಟೋಕ್ಸ್. ಸಾಲ್ವೇಶನ್ ಆರ್ಮಿಯವರ ಪ್ರಾರ್ಥನೆಯೊಂದಿಗೆ ಸೇಂಟ್ ಐವ್ಸ್‌ನ ಬಾರ್ನೂನ್ ಸ್ಮಶಾನದಲ್ಲಿ ಮಣ್ಣು ಮಾಡಿದರು. ಕೆಳಗೆ ಪೋರ್ತ್‌ಮಿಯರ್ ಕಡಲು.

ಗೆಳೆಯರಿಗೆ ಸಮಾಧಿಗಾಗಿ ಇಷ್ಟು ಮಾಡಲು ಸಾಧ್ಯವಾದದ್ದು, ವರ್ಕ್‌ಹೌಸ್ ತಪ್ಪಿಸಲು ಏಕೆ ಆಗಲಿಲ್ಲ? ಈ ಪ್ರಶ್ನೆಯನ್ನು ಆಮೇಲೆ ಬಂದವರು ಮತ್ತೆ ಮತ್ತೆ ಕೇಳಿದ್ದಾರೆ. ಅವರ ಪರವಾಗಿಯೂ ಹೇಳುವುದಿದೆ. ಯುದ್ಧಕಾಲ, ನಿಕಲ್ಸನ್ ಮತ್ತು ಹೆಪ್‌ವರ್ತ್‌ಗೇ ಹಣದ ಅಡಚಣೆ, ಮನೆಯಲ್ಲಿ ಒಂದೇ ಹೆರಿಗೆಯಲ್ಲಿ ಹುಟ್ಟಿದ ಮೂವರು ಪುಟ್ಟ ಮಕ್ಕಳು. ಯಾರನ್ನೂ ನಂಬದ ಮುದುಕನನ್ನು ನೋಡಿಕೊಳ್ಳುವುದು ಸುಲಭವೂ ಅಲ್ಲ. ಆದರೂ ಅವನ ಬಗ್ಗೆ ಮೊದಲ ಪುಸ್ತಕ ಬರೆದ ಸ್ವೆನ್ ಬರ್ಲಿನ್‌ಗೆ ಈ ವಿಷಯದಲ್ಲಿ ಸಮಾಧಾನವಿರಲಿಲ್ಲ. ಬರ್ಲಿನ್ ಕೂಡ ಸೇಂಟ್ ಐವ್ಸ್‌ನ ಕಲಾವಿದ; ಊರಿನವರನ್ನು ಕೇಳಿ ವಾಲಿಸ್‌ನ ಬದುಕಿನ ವಿವರಗಳನ್ನು ಕೂಡಿಸಿದ. ಅವನ ಪುಸ್ತಕ 1949ರಲ್ಲಿ ಬಂತು. ಅದರ ಹೆಸರಿನಲ್ಲೂ ‘ಆದಿಮ’ ಎಂಬ ಪದವೇ ಇದೆ.

ಮುಂದಿನದು ಗೊತ್ತಿರುವ ಕತೆಯೇ. 1968ರಲ್ಲಿ ಟೇಟ್ ಗ್ಯಾಲರಿಯಲ್ಲಿ ವಾಲಿಸ್‌ನ ಚಿತ್ರಗಳ ದೊಡ್ಡ ಪ್ರದರ್ಶನ ನಡೆಯಿತು. ಅದೇ ವರ್ಷ ನಿಕಲ್ಸನ್‌ಗೆ ಆರ್ಡರ್ ಆಫ್ ಮೆರಿಟ್ ಗೌರವ ಸಂದಿತು. ಬೆಲೆಗಳು ಏರಿದವು, ಎಷ್ಟರಮಟ್ಟಿಗೆ ಎಂದರೆ ನಕಲಿ ವಾಲಿಸ್‌ಗಳು ಮಾರುಕಟ್ಟೆಗೆ ಬಂದವು. ಹಳೆಯ ರಟ್ಟು, ದೋಣಿಯ ಬಣ್ಣ, ಒರಟು ಗೆರೆ ಇದ್ದರೆ ಸಾಕೆಂದು ನಕಲಿಗರು ಅಂದುಕೊಂಡರು. 1993ರಲ್ಲಿ ಟೇಟ್ ತನ್ನ ಶಾಖೆಯೊಂದನ್ನು ಪೋರ್ತ್‌ಮಿಯರ್ ತೀರದಲ್ಲೇ ತೆರೆಯಿತು. ವಾಲಿಸ್‌ನ ಸಮಾಧಿಯಿಂದ ನೋಡಿದರೆ ಅದು ಕಾಲ ಕೆಳಗೇ ಇದೆ.

ಆ ಸಮಾಧಿಯ ಮೇಲೆ ಕುಂಬಾರ ಬರ್ನಾರ್ಡ್ ಲೀಚ್ ಮಾಡಿದ ಬಿಲ್ಲೆಗಳಿವೆ. ಎತ್ತರದ ದೀಪಸ್ತಂಭ, ಅದರ ಬುಡದಲ್ಲಿ ಬಾಗಿಲ ಕಡೆಗೆ ನಡೆಯುತ್ತಿರುವ ಪುಟ್ಟ ಮನುಷ್ಯ. ಹೆಸರಿನ ಕೆಳಗೆ ಅವನ ವೃತ್ತಿಯನ್ನು ಬರೆದಿದೆ: ಕಲಾವಿದ, ನಾವಿಕ. ಈಡ್ ಕೊಂಡ ಚಿತ್ರಗಳು ಕೇಂಬ್ರಿಜ್‌ನಲ್ಲಿ ಅವನು ಕಟ್ಟಿಕೊಂಡು 1966ರಲ್ಲಿ ವಿಶ್ವವಿದ್ಯಾಲಯಕ್ಕೆ ದಾನ ಮಾಡಿದ ಕೆಟಲ್ಸ್ ಯಾರ್ಡ್ ಎಂಬ ಮನೆಯಲ್ಲಿವೆ, ನೂರಕ್ಕೂ ಹೆಚ್ಚು. ಈಗ ಅವಕ್ಕೆ ಚೌಕಟ್ಟು ಇದೆ, ಗಾಜು ಇದೆ. ಹತ್ತಿರ ಹೋಗಿ ನೋಡಿದರೆ ಕೆಲವು ರಟ್ಟುಗಳ ಅಂಚಿನಲ್ಲಿ ಮುದುಕ ಹೊಡೆದಿದ್ದ ಮೊಳೆಯ ತೂತುಗಳು ಕಾಣುತ್ತವೆ.